ಭೂಮಧ್ಯರೇಖೆಯಲ್ಲಿ ಪೆಂಗ್ವಿನ್‌ಗೆ ಏನು ಕೆಲಸ?

ಗಲಾಪಗೋಸ್ ದ್ವೀಪಗಳಿಗೆ ಹೋಗಿ ಬಂದವರನ್ನು "ಜ್ವಾಲಾಮುಖಿ ನೋಡಿದ್ರಾ?" ಎಂದು ಕೇಳಿ ನೋಡಿ. ಬಹಳಷ್ಟು ಜನ ಸ್ವಲ್ಪ ತಡವರಿಸುತ್ತಾರೆ. "ಬೆಟ್ಟ ಕಾಣಿಸ್ತು, ತುದಿಗೆ ಮೋಡ ಇತ್ತು, ಹೊಗೆಗಿಗೆ ಏನೂ ಇರಲಿಲ್ಲ. ಆದ್ರೆ ಪ್ರಾಣಿಗಳಿದಾವಲ್ಲ..." ಎಂದು ಶುರು ಮಾಡಿದರೆ ಫೋನಿನಲ್ಲಿರುವ ಫೋಟೋ ಎಲ್ಲ ಮುಗಿಯುವವರೆಗೆ ನಿಮ್ಮನ್ನು ಬಿಡುವುದಿಲ್ಲ. ಕ್ರೂಸ್, ಅಂದರೆ ಹಡಗು ಪ್ರವಾಸದ, ಕರಪತ್ರಗಳಲ್ಲೂ ಇವೆರಡೂ ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ. ಬೆಳಿಗ್ಗೆ ವನ್ಯಜೀವಿ, ಮಧ್ಯಾಹ್ನ ಜ್ವಾಲಾಮುಖಿ. ನನಗಂತೂ ಇದು ಎಲೆಯ ಒಂದು ತುದಿಗೆ ಅನ್ನ, ಇನ್ನೊಂದು ತುದಿಗೆ ಅಕ್ಕಿ ಬಡಿಸಿದ ಹಾಗೆ ಕಾಣುತ್ತದೆ.

ಯಾಕೆಂದರೆ ಅಲ್ಲಿನ ಹಕ್ಕಿಗೆ ರೆಕ್ಕೆ ಯಾಕೆ ಚಿಕ್ಕದಾಯಿತು, ಹಲ್ಲಿಜಾತಿಯ ಪ್ರಾಣಿ ಯಾಕೆ ಸಮುದ್ರಕ್ಕೆ ಇಳಿಯಿತು, ಸುಡುವ ಬಿಸಿಲಿನ ಊರಿಗೆ ಪೆಂಗ್ವಿನ್ ಯಾಕೆ ಬಂತು ಎಂದು ಒಂದೊಂದನ್ನೇ ಕೇಳುತ್ತಾ ಹೋದರೆ, ಎಲ್ಲದರ ಉತ್ತರವೂ ಕೊನೆಗೆ ಕಾಲ ಕೆಳಗಿನ ಬೆಂಕಿಗೇ ಹೋಗಿ ಮುಟ್ಟುತ್ತದೆ. ಅದನ್ನು ತೋರಿಸೋಕೆ ಕ್ರೂಸ್‌ನ ಒಂದೇ ಒಂದು ದಿನ ಸಾಕು. ಪಶ್ಚಿಮದ ತುದಿಯ ದಿನ. ಬೆಳಿಗ್ಗೆ ಫರ್ನಾಂಡಿನಾ ದ್ವೀಪ, ಮಧ್ಯಾಹ್ನ ಎದುರಿಗಿನ ಇಸಬೆಲಾ.

ಮೊದಲು ಜಾಗ ಎಲ್ಲಿ ಅಂತ ನೋಡೋಣ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1,000 ಕಿಲೋಮೀಟರ್ ದೂರದಲ್ಲಿ, ಪೆಸಿಫಿಕ್ ಸಾಗರದ ನಡುವೆ, ಭೂಮಧ್ಯರೇಖೆಯ ಮೇಲೇ ಈ ದ್ವೀಪಗಳಿವೆ. 1832ರಿಂದ ಈಕ್ವೆಡಾರ್‌ಗೆ ಸೇರಿವೆ, 1959ರಲ್ಲಿ ರಾಷ್ಟ್ರೀಯ ಉದ್ಯಾನವಾದವು. ನಮ್ಮ ಕಡೆಯಿಂದ ಹೋಗುವವರು ಕೀಟೋ ಅಥವಾ ಗ್ವಾಯಾಕಿಲ್ ಊರಿಗೆ ತಲುಪಿ, ಅಲ್ಲಿಂದ ಇನ್ನೊಂದು ವಿಮಾನ ಹತ್ತಬೇಕು. ವಿದೇಶಿಯರಿಗೆ ಉದ್ಯಾನದ ಪ್ರವೇಶ ಶುಲ್ಕವನ್ನು 2024ರ ಆಗಸ್ಟ್‌ನಲ್ಲಿ 100ರಿಂದ 200 ಡಾಲರಿಗೆ ಏರಿಸಿದ್ದಾರೆ. ಜಾಸ್ತಿಯೇ ಆಯಿತು. ಆದರೆ ಅಲ್ಲಿನ ಶಿಸ್ತು ನೋಡಿದರೆ ಹಣ ಎಲ್ಲಿಗೆ ಹೋಗುತ್ತದೆ ಎಂದು ಸ್ವಲ್ಪ ಅರ್ಥವಾಗುತ್ತದೆ. ಒಂದು ಹಡಗಿನಲ್ಲಿ 100ಕ್ಕಿಂತ ಹೆಚ್ಚು ಪ್ರಯಾಣಿಕರು ಇರುವಂತಿಲ್ಲ. ದಡಕ್ಕಿಳಿದರೆ ಪರವಾನಗಿ ಇರುವ ಗೈಡ್ ಜೊತೆಗೇ ನಡೆಯಬೇಕು. ಪ್ರಾಣಿಯಿಂದ 2 ಮೀಟರ್ ದೂರ ಇರಬೇಕು. ಪ್ರಾಣಿಯೇ ನಿಮ್ಮ ಹತ್ತಿರ ಬಂದರೆ ನೀವೇ ಸರಿಯಬೇಕು.

ಬೆಳಿಗ್ಗೆ, ಫರ್ನಾಂಡಿನಾ

ಇಸಬೆಲಾ ಮತ್ತು ಫರ್ನಾಂಡಿನಾ ನಡುವಿನ ಕಿರಿದಾದ ನೀರಿಗೆ ಬೊಲಿವರ್ ಕಾಲುವೆ ಎಂದು ಹೆಸರು. ಹಡಗು ಅಲ್ಲಿ ಲಂಗರು ಹಾಕುತ್ತದೆ. ಅಲ್ಲಿಂದ ಪಂಗಾ ಹತ್ತಬೇಕು. ಗಾಳಿ ತುಂಬಿದ ರಬ್ಬರ್ ದೋಣಿಗೆ ಅಲ್ಲಿನವರು ಇಟ್ಟ ಹೆಸರು ಅದು. ಇಳಿಯುವ ಜಾಗ ಪುಂಟಾ ಎಸ್ಪಿನೋಸಾ. ಬೆಟ್ಟದಿಂದ ಹರಿದು ಬಂದ ಲಾವಾ ಸಮುದ್ರದೊಳಕ್ಕೆ ನಾಲಿಗೆ ಚಾಚಿದ ಹಾಗೆ ಇದೆ ಈ ಜಾಗ. 640 ಚದರ ಕಿಲೋಮೀಟರಿನ ಇಡೀ ದ್ವೀಪದಲ್ಲಿ ಪ್ರವಾಸಿಗರು ಕಾಲಿಡಬಹುದಾದದ್ದು ಹೆಚ್ಚುಕಡಿಮೆ ಇದೊಂದೇ ಕಡೆ.

ಮೊದಲು ಕಣ್ಣಿಗೆ ಬೀಳುವುದು ಬರೀ ಕಪ್ಪು ಬಂಡೆ. ಆಮೇಲೆ ಬಂಡೆಯ ಒಂದು ತುಂಡು ಸೀನುತ್ತದೆ.

ಅದು ಕಡಲ ಇಗ್ವಾನಾ. ನಮ್ಮ ಉಡಕ್ಕೆ ಬೆನ್ನ ಮೇಲೆ ಬಾಚಣಿಗೆ ಸಿಕ್ಕಿಸಿ, ಮೂತಿ ಚಪ್ಪಟೆ ಮಾಡಿ, ಮಸಿ ಬಳಿದರೆ ಹೇಗಿರುತ್ತದೋ ಹಾಗಿದೆ. ಒಂದರ ಮೇಲೊಂದು ಕಾಲು ಹಾಕಿಕೊಂಡು ನೂರಾರು ಬಿದ್ದಿರುತ್ತವೆ. ಕೆಲವದರ ತಲೆ ಮಾತ್ರ ಸುಣ್ಣ ಮೆತ್ತಿದ ಹಾಗೆ ಬೆಳ್ಳಗಿರುತ್ತದೆ. ಅದು ಉಪ್ಪು. ಸಮುದ್ರದ ಪಾಚಿ ತಿನ್ನುವಾಗ ಹೊಟ್ಟೆಗೆ ಉಪ್ಪು ವಿಪರೀತ ಹೋಗುತ್ತದೆ. ಅದನ್ನು ರಕ್ತದಿಂದ ಸೋಸಿ ತೆಗೆಯಲು ಇವುಗಳ ಕಣ್ಣಿನ ಮೇಲ್ಭಾಗದಲ್ಲಿ ಗ್ರಂಥಿಗಳಿವೆ. ಅಲ್ಲಿ ಸೇರಿದ ಉಪ್ಪುನೀರನ್ನು ಮೂಗಿನಿಂದ ಪಿಚಕಾರಿಯಂತೆ ಹೊರಗೆ ಚಿಮ್ಮಿಸುತ್ತವೆ. ಗಾಳಿ ಎದುರಿಗಿದ್ದರೆ ಅದು ತಿರುಗಿ ಅವುಗಳ ತಲೆಯ ಮೇಲೇ ಬಿದ್ದು ಒಣಗುತ್ತದೆ. ಪಕ್ಕದಲ್ಲಿ ಮಲಗಿದ್ದವನ ಮುಖಕ್ಕೆ ಬಿದ್ದರೂ ಅವನು ಕಣ್ಣು ಸಹ ಮಿಟುಕಿಸುವುದಿಲ್ಲ. ಅವನ ಸರದಿಯೂ ಬರುತ್ತದಲ್ಲ.

ಜಗತ್ತಿನಲ್ಲಿ ಸಮುದ್ರಕ್ಕಿಳಿದು ಮೇಯುವ ಹಲ್ಲಿಜಾತಿಯ ಪ್ರಾಣಿ ಇದೊಂದೇ. ಇದರ ಪೂರ್ವಜರು ದಕ್ಷಿಣ ಅಮೆರಿಕದ ನೆಲದ ಮೇಲಿದ್ದ ಇಗ್ವಾನಾಗಳು. ಹೊಳೆಯ ಪ್ರವಾಹದಲ್ಲಿ ಕಿತ್ತು ಬಂದ ಗಿಡಮರಗಳ ರಾಶಿಯ ಮೇಲೆ ತೇಲಿಕೊಂಡು ಇಲ್ಲಿಗೆ ಬಂದಿರಬೇಕು. ಬಂದು ನೋಡಿದರೆ ನೆಲದ ಮೇಲೆ ತಿನ್ನಲು ಹಸಿರೇ ಇಲ್ಲ, ಎಲ್ಲ ಬರೀ ಲಾವಾ. ನೀರಿನೊಳಗೆ ಮಾತ್ರ ಬಂಡೆ ತುಂಬ ಪಾಚಿ. ಹಾಗಾಗಿ ಇಳಿದವು. ಒಂದೆರಡು ತಲೆಮಾರಿನಲ್ಲಿ ಆದ ಕೆಲಸ ಅಲ್ಲ ಬಿಡಿ, ಲಕ್ಷಾಂತರ ವರ್ಷ ಹಿಡಿದಿದೆ. ಈಗಲೂ ದೊಡ್ಡ ಗಂಡುಗಳು ಮಾತ್ರ ಆಳಕ್ಕೆ ಮುಳುಗುತ್ತವೆ. ಹೆಣ್ಣು, ಮರಿಗಳು ನೀರು ಇಳಿದಾಗ ದಡದ ಬಂಡೆಯ ಮೇಲೆ ಉಳಿಯುವ ಪಾಚಿಯನ್ನು ಕೆರೆದು ತಿನ್ನುತ್ತವೆ.

ತೊಂದರೆ ಏನೆಂದರೆ, ಇಲ್ಲಿನ ನೀರು ತಣ್ಣಗಿದೆ, ಇದಕ್ಕೆ ನಮ್ಮ ಹಾಗೆ ಮೈಯೊಳಗೇ ಬಿಸಿ ಹುಟ್ಟುವುದಿಲ್ಲ. ಒಂದು ಸುತ್ತು ಮೇದು ಬರುವಷ್ಟರಲ್ಲಿ ಮೈ 10 ಡಿಗ್ರಿಯಷ್ಟು ತಣ್ಣಗಾಗಿರುತ್ತದೆ. ತಿಂದದ್ದು ಜೀರ್ಣವಾಗಬೇಕಾದರೆ ಮತ್ತೆ ಬಿಸಿಯಾಗಬೇಕು. ಆ ಕೆಲಸಕ್ಕೆ ಕಪ್ಪು ಲಾವಾ ಬಂಡೆಗಿಂತ ಒಳ್ಳೆಯ ಹಂಚು ಬೇಕಾ? ಮೈ ಬಣ್ಣವೂ ಕಪ್ಪು, ಮಲಗುವ ಕಲ್ಲೂ ಕಪ್ಪು, ಮೇಲಿಂದ ಕೆಳಗಿಂದ ಎರಡೂ ಕಡೆ ಕಾಯುತ್ತದೆ. ಅದಕ್ಕೇ ಈ ಪರಿ ಬಿದ್ದುಕೊಂಡಿರುವುದು. ನೋಡುವವರಿಗೆ ಸೋಮಾರಿತನದ ಹಾಗೆ ಕಾಣುತ್ತದೆ, ಅದು ಉಂಡದ್ದು ಅರಗಿಸಿಕೊಳ್ಳುತ್ತಿರುತ್ತದೆ.

1835ರಲ್ಲಿ ಇಲ್ಲಿಗೆ ಬಂದ ಚಾರ್ಲ್ಸ್ ಡಾರ್ವಿನ್‌ಗೆ ಆಗ 26 ವರ್ಷ. ಅವನು ಒಂದು ಕಡಲ ಇಗ್ವಾನಾವನ್ನು ಹಿಡಿದು ನೀರಿಗೆ ಎಸೆದ. ಅದು ಈಜಿಕೊಂಡು ಸೀದಾ ಅವನ ಹತ್ತಿರವೇ ಬಂತು. ಮತ್ತೆ ಎಸೆದ, ಮತ್ತೆ ಬಂತು. ಹೀಗೆ ಎಷ್ಟೋ ಸಲ. ಹೆದರಿಕೆಯಾದಾಗ ದಡವೇ ಸುರಕ್ಷಿತ ಎಂದು ಅದಕ್ಕೆ ಹುಟ್ಟಿನಿಂದ ಬಂದಿರಬೇಕು, ಯಾಕೆಂದರೆ ನೀರಿನಲ್ಲಿ ಶಾರ್ಕ್ ಇದೆ, ನೆಲದ ಮೇಲೆ ಶತ್ರುವೇ ಇಲ್ಲ ಎಂದು ಅವನು ಊಹಿಸಿದ. ಇವತ್ತು ಹಾಗೆ ಎಸೆದರೆ ಗೈಡ್ ನಿಮ್ಮನ್ನೇ ಹಡಗಿಗೆ ವಾಪಸ್ ಕಳಿಸುತ್ತಾರೆ.

ಒಲೆ ಅಲ್ಲೇ, ಹಪ್ಪಳ ಸರಿಯುತ್ತದೆ

ಈಗ ಕಾಲ ಕೆಳಗಿನ ಕಲ್ಲಿನ ವಿಷಯ. ಲಾವಾ ಹಾಸಿನ ಮೇಲೆ ನಡೆಯುವಾಗ ಎರಡು ತರಹದ ನೆಲ ಸಿಗುತ್ತದೆ. ಎರಡಕ್ಕೂ ಹವಾಯಿ ಭಾಷೆಯಿಂದ ಬಂದ ಹೆಸರಿದೆ. ಪಹೋಹೋ ಎಂಬುದು ನುಣ್ಣಗೆ, ಮಡಿಕೆ ಮಡಿಕೆಯಾಗಿರುತ್ತದೆ. ಕಾದ ಹಾಲಿನ ಕೆನೆಯನ್ನು ಚಮಚದಿಂದ ಮೆಲ್ಲಗೆ ತಳ್ಳಿದಾಗ ಸುಕ್ಕುಗಟ್ಟುತ್ತದಲ್ಲ, ಸೇಮ್ ಅದೇ. ಆಗಿರುವುದೂ ಅದೇ. ಮೇಲ್ಮೈ ಆರಿ ಕೆನೆ ಕಟ್ಟಿದಾಗ ಒಳಗಿನ ಬಿಸಿ ಲಾವಾ ಇನ್ನೂ ಹರಿಯುತ್ತಿತ್ತು. ಇನ್ನೊಂದು ಆಆ. ಇದು ಹೊಸದಾಗಿ ಉತ್ತ ಎರೆಹೊಲದ ಹೆಂಟೆಗಳ ಹಾಗೆ, ಆದರೆ ಪ್ರತಿ ಹೆಂಟೆಗೂ ಗಾಜಿನ ಅಂಚು. ಚಪ್ಪಲಿ ಹಾಕಿಕೊಂಡು ಹೋದವರು ಮರೆಯುವುದಿಲ್ಲ. ಒಂದೇ ಲಾವಾ ಬಿಸಿಯಾಗಿ ತೆಳ್ಳಗಿದ್ದಾಗ ಪಹೋಹೋ, ಆರುತ್ತಾ ಗಟ್ಟಿಯಾದಾಗ ಆಆ.

ಆದರೆ ಸಾಗರದ ನಟ್ಟನಡುವೆ ಇಷ್ಟು ಲಾವಾ ಎಲ್ಲಿಂದ ಬಂತು? ಜಗತ್ತಿನ ಹೆಚ್ಚಿನ ಜ್ವಾಲಾಮುಖಿಗಳು ಭೂಮಿಯ ಚಿಪ್ಪಿನ ತುಂಡುಗಳು, ಅಂದರೆ ಫಲಕಗಳು, ಒಂದಕ್ಕೊಂದು ತಾಗುವ ಅಂಚಿನಲ್ಲಿರುತ್ತವೆ. ನಮ್ಮ ಅಂಡಮಾನಿನ ಬ್ಯಾರನ್ ದ್ವೀಪ ಆ ಜಾತಿಯದು. ಗಲಾಪಗೋಸ್ ಹಾಗಲ್ಲ. ಇಲ್ಲಿ ಭೂಮಿಯ ಆಳದಿಂದ ವಿಪರೀತ ಬಿಸಿಯಾದ ಕಲ್ಲು ಕಂಬದ ಹಾಗೆ ಒಂದೇ ಕಡೆ ಮೇಲೇಳುತ್ತಿದೆ. ಇದಕ್ಕೆ ಹಾಟ್‌ಸ್ಪಾಟ್ ಎನ್ನುತ್ತಾರೆ.

ಹಪ್ಪಳ ಸುಡುವುದನ್ನು ನೆನಪಿಸಿಕೊಳ್ಳಿ. ಉರಿ ಇದ್ದಲ್ಲೇ ಇರುತ್ತದೆ. ಇಕ್ಕಳದಲ್ಲಿ ಹಪ್ಪಳ ಹಿಡಿದು ಉರಿಯ ಮೇಲೆ ನಿಧಾನಕ್ಕೆ ಸರಿಸುತ್ತೀರಿ. ಉರಿ ತಾಗಿದ ಕಡೆ ಗುಳ್ಳೆ ಏಳುತ್ತದೆ. ಸರಿಸಿದರೆ ಪಕ್ಕದಲ್ಲಿ ಹೊಸ ಗುಳ್ಳೆ. ಹಳೆಯದು ಉರಿಯಿಂದ ದೂರ ಹೋಗಿ ತಣ್ಣಗಾಗುತ್ತದೆ. ಇಲ್ಲಿ ಹಪ್ಪಳ ಎಂದರೆ ನಾಜ್ಕಾ ಫಲಕ. ಅದು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಪೂರ್ವಕ್ಕೆ, ದಕ್ಷಿಣ ಅಮೆರಿಕದ ಕಡೆಗೆ ಸರಿಯುತ್ತಿದೆ. ಡಾರ್ವಿನ್ ಬಂದು ಹೋದ ಮೇಲೆ ಈವರೆಗೆ ಈ ದ್ವೀಪಗಳು ಸರಿದಿರುವುದು ಹತ್ತು ಮೀಟರಿಗಿಂತ ಕೊಂಚ ಕಡಿಮೆ. ಬಸ್ಸಿನ ಒಂದು ಉದ್ದ ಅಂದುಕೊಳ್ಳಿ.

ಹಾಗಾಗಿ ನಕ್ಷೆಯನ್ನು ಎಡದಿಂದ ಬಲಕ್ಕೆ ಓದಿದರೆ ವಯಸ್ಸು ಏರುತ್ತಾ ಹೋಗುತ್ತದೆ. ಪಶ್ಚಿಮ ತುದಿಯ ಫರ್ನಾಂಡಿನಾ ಈಗ ಉರಿಯ ಮೇಲಿರುವ ಗುಳ್ಳೆ, ಎಲ್ಲಕ್ಕಿಂತ ಎಳೆಯದು. ಆಗ್ನೇಯದ ಎಸ್ಪನ್ಯೋಲಾ ದ್ವೀಪಕ್ಕೆ 30 ಲಕ್ಷ ವರ್ಷಕ್ಕೂ ಜಾಸ್ತಿ ವಯಸ್ಸು. ಅದು ಸವೆದು ತಗ್ಗಾಗಿದೆ. ಇನ್ನೂ ಪೂರ್ವಕ್ಕೆ ಹೋದರೆ ಹಿಂದೆ ದ್ವೀಪಗಳಾಗಿದ್ದ ಬೆಟ್ಟಗಳು ಈಗ ಸಮುದ್ರದ ಕೆಳಗಿವೆ. ಉರಿಯಿಂದ ದೂರ ಸರಿದ ಫಲಕ ತಣ್ಣಗಾಗಿ ಕುಗ್ಗಿ ಕೆಳಗಿಳಿಯುತ್ತದೆ, ಅಲೆ ಮಳೆ ಮೇಲಿಂದ ಸವೆಸುತ್ತವೆ, ಕೊನೆಗೆ ದ್ವೀಪ ಮುಳುಗುತ್ತದೆ. ಅಂದರೆ ಇಲ್ಲಿ ದ್ವೀಪ ಹುಟ್ಟುವುದು ಪಶ್ಚಿಮದಲ್ಲಿ, ಮುಳುಗುವುದು ಪೂರ್ವದಲ್ಲಿ. ಸೂರ್ಯನಿಗೆ ಪೂರಾ ಉಲ್ಟಾ.

ಇಂಥ ಹಾಟ್‌ಸ್ಪಾಟ್‌ನ ಗುರುತು ಕರ್ನಾಟಕದಲ್ಲೂ ಇದೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾದ ಕಲ್ಲು ಪುಡಿಯಾಗಿ ಆದದ್ದು. ಆ ಲಾವಾ ಉಕ್ಕಿಸಿದ ಒಲೆ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ. ನಮ್ಮ ಹಪ್ಪಳ ಉತ್ತರಕ್ಕೆ ಸರಿದು ಬಂತು, ಒಲೆ ಹಿಂದೆ ಉಳಿಯಿತು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಲ್ಲು ಜೋಡಿಸಿಟ್ಟ ಕಂಬಗಳ ಹಾಗೆ ನಿಂತಿದೆಯಲ್ಲ, ಅದು ಇನ್ನೂ ಹಳೆಯ ಲಾವಾ. ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುತ್ತಿದ್ದ ಕಾಲದ್ದು. ಜೋಳದ ಹೊಲದಲ್ಲಿ ನಿಂತವರೂ ಒಂದು ಲೆಕ್ಕದಲ್ಲಿ ಜ್ವಾಲಾಮುಖಿ ನೋಡಿದವರೇ.

ಹೊಳೆಗೆ ಅಡ್ಡ ಬಂಡೆ

ಪೆಂಗ್ವಿನ್‌ಗೆ ಬರೋಣ. ಗಲಾಪಗೋಸ್ ಪೆಂಗ್ವಿನ್ ಅರ್ಧ ಮೀಟರ್ ಎತ್ತರ, ಎರಡೂವರೆ ಕಿಲೋ ತೂಕ. ಇಸಬೆಲಾ ದ್ವೀಪದ ಉತ್ತರದ ತುದಿ ಭೂಮಧ್ಯರೇಖೆಯ ಆಚೆಗಿದೆ, ಅಲ್ಲೂ ಇವು ಇವೆ. ಉತ್ತರಾರ್ಧ ಗೋಳದಲ್ಲಿ ಮೃಗಾಲಯದ ಹೊರಗೆ ಪೆಂಗ್ವಿನ್ ಇರುವುದು ಅಲ್ಲಿ ಮಾತ್ರ. ಹಿಮದ ಹಕ್ಕಿಗೆ ಇಲ್ಲೇನು ಕೆಲಸ?

ಉತ್ತರ ಇರುವುದು ನೀರಿನ ಆಳದಲ್ಲಿ. ಭೂಮಧ್ಯರೇಖೆಯ ಹತ್ತಿರ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ, ಮೇಲಿನ ನೀರನ್ನೂ ಅದೇ ದಿಕ್ಕಿಗೆ ತಳ್ಳುತ್ತದೆ. ಆದರೆ ಅದರ ಕೆಳಗೆ, ಬಿಸಿಲು ಸರಿಯಾಗಿ ತಲುಪದ ಆಳದಲ್ಲಿ, ಒಂದು ತಣ್ಣನೆಯ ಹೊಳೆ ಉಲ್ಟಾ ದಿಕ್ಕಿಗೆ ಹರಿಯುತ್ತಿದೆ. ಪೆಸಿಫಿಕ್ ಸಾಗರದ ಪಶ್ಚಿಮದಿಂದ ಪೂರ್ವಕ್ಕೆ, ಸಾವಿರಾರು ಕಿಲೋಮೀಟರ್. 1952ರಲ್ಲಿ ಇದನ್ನು ಪತ್ತೆ ಮಾಡಿದ ಟೌನ್‌ಸೆಂಡ್ ಕ್ರಾಮ್‌ವೆಲ್ ಹೆಸರಿನಲ್ಲೇ ಇದನ್ನು ಕ್ರಾಮ್‌ವೆಲ್ ಪ್ರವಾಹ ಎನ್ನುತ್ತಾರೆ. ಇಷ್ಟು ದೂರ ಅಡೆತಡೆ ಇಲ್ಲದೆ ಬಂದ ಈ ನೀರಿಗೆ ಎದುರಾಗುವ ದೊಡ್ಡ ಗೋಡೆ ಯಾವುದು? ಫರ್ನಾಂಡಿನಾ ಮತ್ತು ಇಸಬೆಲಾ ಜ್ವಾಲಾಮುಖಿಗಳ ಬುಡ.

ಹೊಳೆಗೆ ಅಡ್ಡ ಬಂಡೆ ಸಿಕ್ಕರೆ ನೀರು ಉಕ್ಕಿ ಮೇಲೇರುತ್ತದಲ್ಲ, ಇಲ್ಲೂ ಹಾಗೇ. ತಣ್ಣನೆಯ ನೀರು ಬೆಟ್ಟದ ಇಳಿಜಾರು ಹಿಡಿದು ಮೇಲಕ್ಕೆ ಬರುತ್ತದೆ. ಬರುವಾಗ ಆಳದಲ್ಲಿ ಸೇರಿದ್ದ ಸತ್ವವನ್ನೆಲ್ಲ ಹೊತ್ತು ತರುತ್ತದೆ. ಒಂಥರಾ ಗೊಬ್ಬರ. ಗೊಬ್ಬರ ಆಳದಿಂದ, ಬಿಸಿಲು ಮೇಲಿಂದ. ಸೂಕ್ಷ್ಮ ಪಾಚಿ ಹುಲುಸಾಗುತ್ತದೆ, ಅದನ್ನು ತಿನ್ನಲು ಸಣ್ಣ ಜೀವಿಗಳು, ಅವನ್ನು ತಿನ್ನಲು ಸಣ್ಣ ಮೀನು, ಅವನ್ನು ತಿನ್ನಲು ಪೆಂಗ್ವಿನ್. ಇಗ್ವಾನಾ ಮೇಯುವ ಪಾಚಿಯ ಗುಟ್ಟೂ ಇದೇ. ಈ ಎರಡು ದ್ವೀಪಗಳು ಇಲ್ಲಿ ಎದ್ದು ನಿಲ್ಲದೆ ಇದ್ದಿದ್ದರೆ ಆ ನೀರು ಆಳದಲ್ಲೇ ಸುಮ್ನೆ ಮುಂದಕ್ಕೆ ಹೋಗುತ್ತಿತ್ತು. ಪೆಂಗ್ವಿನ್‌ಗೆ ತಣ್ಣೀರು ಸಿಕ್ಕಿದ್ದು ಬೆಂಕಿಯ ಬೆಟ್ಟದ ದಯೆಯಿಂದ.

ಆದರೆ ಈ ಏರ್ಪಾಡು ಆಗಾಗ ಕೈಕೊಡುತ್ತದೆ. ಎಲ್ ನಿನ್ಯೋ ವರ್ಷಗಳಲ್ಲಿ ಗಾಳಿ ಬಲ ಕಳೆದುಕೊಳ್ಳುತ್ತದೆ, ಬಿಸಿನೀರು ಬಂದು ಮುಚ್ಚುತ್ತದೆ, ತಣ್ಣೀರು ಮೇಲೆ ಬರುವುದಿಲ್ಲ. ಆಗ ನಮಗೆ ಮಳೆಯ ಚಿಂತೆ, ಅಲ್ಲಿ ಹಸಿವು. 1982–83ರ ಎಲ್ ನಿನ್ಯೋದಲ್ಲಿ ನಾಲ್ಕರಲ್ಲಿ ಮೂರು ಪಾಲು ಪೆಂಗ್ವಿನ್‌ಗಳು ಇಲ್ಲವಾದವು. ಇಗ್ವಾನಾಗಳದ್ದು ಇನ್ನೂ ವಿಚಿತ್ರ. ಪಾಚಿ ಸಿಗದ ಕಾಲದಲ್ಲಿ ಅವು ಬರೀ ತೆಳ್ಳಗಾಗುವುದಲ್ಲ, ಉದ್ದದಲ್ಲೇ ಗಿಡ್ಡವಾಗುತ್ತವೆ, ಶೇಕಡ 20ರವರೆಗೂ. ಮೂಳೆಯೇ ಕುಗ್ಗುತ್ತದೆ. ಒಳ್ಳೆಯ ಕಾಲ ಬಂದಾಗ ಮತ್ತೆ ಬೆಳೆಯುತ್ತವೆ. ಅಳತೆ ಮಾಡಿದವರೇ ಮೊದಮೊದಲು ತಮ್ಮ ಟೇಪು ತಪ್ಪಿರಬೇಕು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಹಾರುವುದನ್ನು ಬಿಟ್ಟ ನೀರುಕಾಗೆ

ನೀರುಕಾಗೆ ನಿಮಗೆ ಗೊತ್ತಿರುತ್ತದೆ. ನಮ್ಮ ಕೆರೆಗಳಲ್ಲಿ, ರಂಗನತಿಟ್ಟಿನಲ್ಲಿ, ಮುಳುಗಿ ಮೀನು ಹಿಡಿದು ಆಮೇಲೆ ಬಂಡೆಯ ಮೇಲೆ ನಿಂತು ರೆಕ್ಕೆ ಅಗಲಿಸಿ ಒಣಗಿಸಿಕೊಳ್ಳುವ ಕಪ್ಪು ಹಕ್ಕಿ. ಪುಂಟಾ ಎಸ್ಪಿನೋಸಾದ ತುದಿಯಲ್ಲಿ ಅದರ ದಾಯಾದಿ ಸಿಗುತ್ತದೆ. ನಮ್ಮದಕ್ಕಿಂತ ಎಷ್ಟೋ ದಪ್ಪ, ವೈಡೂರ್ಯದಂಥ ನೀಲಿ ಕಣ್ಣು. ಅದೂ ನೀರಿನಿಂದ ಬಂದು ರೆಕ್ಕೆ ಅಗಲಿಸಿ ನಿಲ್ಲುತ್ತದೆ. ಆದರೆ ಅಗಲಿಸಿದ್ದು ನೋಡಿದರೆ ಅಯ್ಯೋ ಅನ್ನಿಸುತ್ತದೆ. ಹರಿದ ಚಿಂದಿಯ ಹಾಗೆ ಎರಡು ಮೋಟು ತುಂಡು. ಆ ಮೈ ಹಾರಬೇಕಾದರೆ ಬೇಕಾದ ಅಳತೆಯ ಮೂರನೇ ಒಂದು ಭಾಗ ಅಷ್ಟೇ.

ಜಗತ್ತಿನ ನೀರುಕಾಗೆಗಳಲ್ಲಿ ಹಾರಲು ಬಾರದ್ದು ಇದೊಂದೇ. ಕಾರಣ ಮತ್ತೆ ಅದೇ ಕಲ್ಲು, ಅದೇ ನೀರು. ಹಸಿ ಲಾವಾದ ದ್ವೀಪಕ್ಕೆ ನರಿ, ಬೆಕ್ಕು ಯಾವುದೂ ತೇಲಿ ಬಂದು ಬದುಕಲಿಲ್ಲ. ಓಡಿಸಲು ಯಾರೂ ಇಲ್ಲದ ಮೇಲೆ ಹಾರಿ ತಪ್ಪಿಸಿಕೊಳ್ಳುವುದು ಯಾರಿಂದ? ಮೀನಂತೂ ದಡದಿಂದ ಕೂಗಳತೆ ದೂರದಲ್ಲೇ ಇದೆ. ಹಾರುವುದಕ್ಕೆ ಮೈ ಹಗುರ ಇರಬೇಕು, ಮುಳುಗುವುದಕ್ಕೆ ಭಾರ ಇದ್ದರೆ ಒಳ್ಳೆಯದು. ದೊಡ್ಡ ರೆಕ್ಕೆ ಸಾಕುವುದು ದಂಡದ ಖರ್ಚು. ಗಿಡ್ಡ ರೆಕ್ಕೆಯವು ಇಲ್ಲಿ ಸೋಲಲಿಲ್ಲ, ಉಳಿದವು. 2017ರಲ್ಲಿ ವಿಜ್ಞಾನಿಗಳು ಈ ಹಕ್ಕಿಯ ಜೀನ್‌ಗಳನ್ನು ಉಳಿದ ನೀರುಕಾಗೆಗಳ ಜೊತೆ ಹೋಲಿಸಿ, ಮೂಳೆ ಬೆಳವಣಿಗೆಗೆ ಸಂಬಂಧಿಸಿದ ಕೆಲವು ಜೀನ್‌ಗಳಲ್ಲಿ ಆದ ಬದಲಾವಣೆಗಳನ್ನು ಗುರುತಿಸಿದರು. ಹಾರುವುದು ಹೋಯಿತು, ಒಣಗಿಸುವ ಚಾಳಿ ಮಾತ್ರ ಉಳಿದಿದೆ.

ಗೂಡಿನ ಹತ್ತಿರ ಐದು ನಿಮಿಷ ನಿಂತರೆ ಒಂದು ಚಂದದ ದೃಶ್ಯ ಸಿಗಬಹುದು. ಗೂಡು ಎಂದರೆ ಬರೀ ಕಡಲಪಾಚಿಯ ಒದ್ದೆ ರಾಶಿ. ಒಂದು ಹಕ್ಕಿ ಮೊಟ್ಟೆಯ ಮೇಲೆ ಕೂತಿರುತ್ತದೆ. ಇನ್ನೊಂದು ನೀರಿನಿಂದ ಎದ್ದು, ಬಾತುಕೋಳಿಯಂತೆ ಓಲಾಡುತ್ತಾ, ಕೊಕ್ಕಿನಲ್ಲಿ ಪಾಚಿಯ ಎಳೆ ಕಚ್ಚಿಕೊಂಡು ಬರುತ್ತದೆ. ಕೂತದ್ದು ಕತ್ತು ಚಾಚಿ ಅದನ್ನು ತೆಗೆದುಕೊಂಡು, ಅಲ್ಲಿಡಲೋ ಇಲ್ಲಿಡಲೋ ಎಂದು ನೋಡಿ, ರಾಶಿಗೆ ಸಿಕ್ಕಿಸುತ್ತದೆ. ಪೇಟೆಯಿಂದ ಬರುವಾಗ ಒಂದು ಮೊಳ ಹೂವು ತಂದ ಹಾಗೆ. ಸಂಸಾರ ಮಾತ್ರ ಬಹಳ ದಿನದ್ದಲ್ಲ. ಮರಿ ಸ್ವಲ್ಪ ದೊಡ್ಡದಾಗುತ್ತಲೇ ಎಷ್ಟೋ ಸಲ ಹೆಣ್ಣು ಬೇರೆ ಜೋಡಿ ಹುಡುಕಿಕೊಂಡು ಹೋಗುತ್ತದೆ, ಉಣಿಸುವ ಕೆಲಸ ಗಂಡಿನ ಪಾಲಿಗೆ.

ಇಡೀ ಜಗತ್ತಿನಲ್ಲಿ ಇವು ಇರುವುದು ಈ ಎರಡು ದ್ವೀಪಗಳ ದಡದಲ್ಲಿ, ಸುಮಾರು ಎರಡು ಸಾವಿರ. ಹೊರಗಿನಿಂದ ಇಲಿಯೋ ಬೆಕ್ಕೋ ಬಂದರೆ ಕಥೆ ಮುಗಿಯಿತು, ಹಾರಿ ಹೋಗಲು ಬರುವುದಿಲ್ಲವಲ್ಲ. ಫರ್ನಾಂಡಿನಾಕ್ಕೆ ಇಂದಿಗೂ ಅಂಥ ಪ್ರಾಣಿ ಯಾವುದೂ ಬಂದಿಲ್ಲ. ಪಂಗಾ ಹತ್ತುವಾಗ ಇಳಿಯುವಾಗ ಶೂ ತೊಳೆಸುತ್ತಾರೆ, ಬೀಜ ಹುಳು ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಬಾರದು ಎಂದು. ಅದಕ್ಕೆ ಗೊಣಗಬೇಡಿ.

ಇಷ್ಟರಲ್ಲಿ ಬೆಟ್ಟದ ಮೋಡ ಸರಿದರೆ ಫರ್ನಾಂಡಿನಾದ ಜ್ವಾಲಾಮುಖಿ ಲಾ ಕುಂಬ್ರೆ ಕಾಣುತ್ತದೆ. 1,476 ಮೀಟರ್. ನಾವು ಚಿತ್ರದಲ್ಲಿ ನೋಡಿದ ಚೂಪು ತುದಿಯ ಜ್ವಾಲಾಮುಖಿ ಅಲ್ಲ, ಬೋರಲು ಹಾಕಿದ ಬಾಣಲೆ. ಇಲ್ಲಿನ ಲಾವಾ ತೆಳ್ಳಗಿರುವುದರಿಂದ ಒಳಗಿನ ಅನಿಲ ಸುಲಭವಾಗಿ ಹೊರಗೆ ಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಕುಕ್ಕರ್ ಸಿಡಿದ ಹಾಗೆ ಸಿಡಿಯುವುದಿಲ್ಲ, ಹಾಲು ಉಕ್ಕಿದ ಹಾಗೆ ಉಕ್ಕಿ ಬದಿಯಿಂದ ಹರಿಯುತ್ತದೆ. ಪದರದ ಮೇಲೆ ಪದರ ಕೂತು ಬೆಟ್ಟ ಅಗಲವಾಗುತ್ತದೆ. ತುದಿಯಲ್ಲಿರುವ ದೊಡ್ಡ ಕುಳಿಗೆ ಕ್ಯಾಲ್ಡೆರಾ ಎನ್ನುತ್ತಾರೆ. ತುದಿ ಹಾರಿಹೋಗಿ ಆದ ಕುಳಿ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಅದು ಕುಸಿದದ್ದು. ಕಾಳಿನ ಮೂಟೆಗೆ ಕೆಳಗೆ ತೂತಾಗಿ ಕಾಳು ಸೋರಿದರೆ ಮೂಟೆಯ ತಲೆ ಒಳಕ್ಕೆ ಇಳಿಯುತ್ತದಲ್ಲ, ಹಾಗೆ. 1968ರ ಜೂನ್‌ನಲ್ಲಿ ಕೆಲವೇ ದಿನಗಳಲ್ಲಿ ಇಲ್ಲಿನ ಕ್ಯಾಲ್ಡೆರಾದ ತಳ ಕೆಲವು ಕಡೆ 350 ಮೀಟರಿನಷ್ಟು ಕೆಳಗೆ ಹೋಯಿತು.

1825ರ ಫೆಬ್ರವರಿಯಲ್ಲಿ ಅಮೆರಿಕದ ಕಪ್ತಾನ ಬೆಂಜಮಿನ್ ಮೊರೆಲ್ ಈ ಬೆಟ್ಟ ಉಕ್ಕುವುದನ್ನು ತನ್ನ ಹಡಗಿನಿಂದ ಕಂಡ. ಗಾಳಿ ನಿಂತಿತ್ತು, ಓಡಿಹೋಗಲು ಆಗಲಿಲ್ಲ. ಹಲಗೆಗಳ ಸಂದಿಗೆ ತುಂಬಿದ್ದ ರಾಳ ಕರಗಿತು, ಹಗ್ಗಗಳಿಂದ ಡಾಂಬರು ತೊಟ್ಟಿಕ್ಕಿತು ಎಂದು ಬರೆದಿದ್ದಾನೆ. ಈ ಮನುಷ್ಯ ಬುರುಡೆ ಬಿಡುವುದರಲ್ಲಿ ಹೆಸರುವಾಸಿ. ಆದರೂ ಆ ವರ್ಷ ಬೆಟ್ಟ ಉಕ್ಕಿದ್ದು ನಿಜ. ಇತ್ತೀಚಿನದು 2024ರ ಮಾರ್ಚ್ 2ರ ರಾತ್ರಿ ಶುರುವಾದದ್ದು. ಕೆಂಪು ಲಾವಾ ಹರಿಯುವುದನ್ನು ಆಗ ದೂರದ ಹಡಗುಗಳಿಂದ ಎಷ್ಟೋ ಜನ ನೋಡಿದರು. ಅಂಥ ಅದೃಷ್ಟ ಟಿಕೆಟ್ಟಿನ ಜೊತೆ ಬರುವುದಿಲ್ಲ.

ಮಧ್ಯಾಹ್ನ, ಇಸಬೆಲಾ

ಊಟ ಆದ ಮೇಲೆ ಹಡಗು ಕಾಲುವೆ ದಾಟಿ ಉರ್ಬಿನಾ ಕೊಲ್ಲಿಗೆ ಹೋಗುತ್ತದೆ. ದಡದಿಂದ ಒಳಕ್ಕೆ ನಡೆದರೆ ಗಿಡಗಂಟಿಗಳ ನಡುವೆ ಹವಳದ ದಿಮ್ಮಿ ನಿಂತಿರುತ್ತದೆ. ಸಮುದ್ರದ ಹವಳ, ಒಣ ನೆಲದಲ್ಲಿ. 1954ರಲ್ಲಿ ಇಲ್ಲಿನ ಸಮುದ್ರದ ತಳ ಸುಮಾರು 5 ಮೀಟರ್ ಮೇಲೆದ್ದುಬಿಟ್ಟಿತು. ಮೀನು, ಏಡಿಗಳು ಓಡಲು ಸಮಯ ಸಿಗದೆ ಅಲ್ಲೇ ಉಳಿದವು. ಅಲ್ಸೆಡೊ ಜ್ವಾಲಾಮುಖಿಯ ಒಳಗೆ ಶಿಲಾರಸ ತುಂಬಿ ನೆಲವನ್ನು ಕೆಳಗಿನಿಂದ ನೂಕಿದ್ದು ಇದಕ್ಕೆ ಕಾರಣ. ಎಣ್ಣೆಯಲ್ಲಿ ಪೂರಿ ಉಬ್ಬಿದ ಹಾಗೆ. ಇಂಥ ಉಬ್ಬನ್ನು ಈಗ ಜಿಪಿಎಸ್‌ನಿಂದ ಅಳೆಯುತ್ತಾರೆ. ಇದೇ ದ್ವೀಪದ ಸಿಯೆರಾ ನೆಗ್ರಾ ಜ್ವಾಲಾಮುಖಿಯ ಕ್ಯಾಲ್ಡೆರಾ 2005ರಿಂದ 2018ರವರೆಗೆ 6 ಮೀಟರಿಗೂ ಹೆಚ್ಚು ಉಬ್ಬಿ, ಆಮೇಲೆ ಉಕ್ಕಿತು.

ಇಸಬೆಲಾ ಒಂದೇ ದ್ವೀಪದ ಹಾಗೆ ಕಂಡರೂ ಆರು ಜ್ವಾಲಾಮುಖಿಗಳ ಲಾವಾ ಕೂಡಿಕೊಂಡು ಆದದ್ದು. ಎರಡು ಬೆಟ್ಟಗಳ ನಡುವೆ ಆಆ ಲಾವಾದ ಬಯಲು. ನೀರಿಲ್ಲ, ನೆರಳಿಲ್ಲ, ಗಾಜಿನ ಹೆಂಟೆಗಳು. ಆಮೆಗೆ ಅದನ್ನು ದಾಟುವುದೂ ಒಂದೇ, ಸಮುದ್ರ ದಾಟುವುದೂ ಒಂದೇ. ಅದಕ್ಕೇ ಇಲ್ಲಿನ ಐದು ದೊಡ್ಡ ಬೆಟ್ಟಗಳಲ್ಲಿ ಐದು ಬೇರೆ ಬೇರೆ ಬಗೆಯ ದೈತ್ಯ ಆಮೆಗಳಿವೆ. ದ್ವೀಪದೊಳಗೆ ದ್ವೀಪ ಅನ್ನಿ. ಉತ್ತರದ ವುಲ್ಫ್ ಬೆಟ್ಟದಲ್ಲಂತೂ ಗುಲಾಬಿ ಬಣ್ಣದ ಇಗ್ವಾನಾ ಇದೆ, ಬೇರೆಲ್ಲೂ ಇಲ್ಲ. ಅದನ್ನು ಬೇರೆಯೇ ಪ್ರಭೇದ ಎಂದು ಒಪ್ಪಿದ್ದು 2009ರಲ್ಲಿ.

ಅಲ್ಸೆಡೊ ಬೆಟ್ಟದ ಆಮೆಗಳದ್ದು ನನಗೆ ಬಹಳ ಹಿಡಿಸಿದ ಸಂಗತಿ. ಇಸಬೆಲಾದಲ್ಲಿ ಇವುಗಳ ಸಂಖ್ಯೆಯೇ ದೊಡ್ಡದು. ಆದರೆ ಡಿಎನ್‌ಎ ನೋಡಿದರೆ ಉಳಿದ ಬೆಟ್ಟಗಳ ಆಮೆಗಳಿಗಿಂತ ಇವು ತಮ್ಮತಮ್ಮಲ್ಲಿ ಜಾಸ್ತಿ ಹೋಲುತ್ತವೆ, ಎಲ್ಲವೂ ಒಂದೇ ಮನೆತನದವರ ಹಾಗೆ. ಲೆಕ್ಕ ಹಾಕಿ ಹಿಂದಕ್ಕೆ ಹೋದಾಗ ಸುಮಾರು ಒಂದು ಲಕ್ಷ ವರ್ಷದ ಹಿಂದಿನ ಕಾಲ ಸಿಕ್ಕಿತು. ಅಲ್ಸೆಡೊ ಭಾರಿಯಾಗಿ ಸಿಡಿದದ್ದೂ ಆಗಲೇ. ಬೂದಿಯ ಕೆಳಗೆ ಹೆಚ್ಚಿನವು ಹೋದವು, ಉಳಿದ ಕೆಲವೇ ಆಮೆಗಳ ಸಂತಾನ ಇವತ್ತಿನವು. ಬೆಟ್ಟ ಮರೆತ ಸ್ಫೋಟವನ್ನು ಆಮೆಯ ರಕ್ತ ನೆನಪಿಟ್ಟುಕೊಂಡಿದೆ.

ಮನುಷ್ಯ ತಂದ ಮೇಕೆಗಳನ್ನೂ ಈ ಲಾವಾ ಬಯಲು ಬಹಳ ಕಾಲ ದಕ್ಷಿಣದಲ್ಲೇ ತಡೆದಿತ್ತು. ಆಮೇಲೆ ಹೇಗೋ ದಾಟಿದವು. ವಿಪರೀತ ಹೆಚ್ಚಿ ಅಲ್ಸೆಡೊದ ಹಸಿರನ್ನೆಲ್ಲ ಬೋಳಿಸಿದವು, ಆಮೆಗೆ ಮೇವೂ ನೆರಳೂ ಇಲ್ಲದಂತಾಯಿತು. 1997ರಿಂದ 2006ರವರೆಗೆ ನಡೆದ ಯೋಜನೆಯಲ್ಲಿ ಹೆಲಿಕಾಪ್ಟರಿನಿಂದಲೂ ಗುಂಡು ಹಾರಿಸಿ ಅವನ್ನು ತೆಗೆದರು. ಅಡಗಿ ಉಳಿದವನ್ನು ಹುಡುಕಲು ಕುತ್ತಿಗೆಗೆ ರೇಡಿಯೋ ಕಟ್ಟಿದ ಮೇಕೆಗಳನ್ನು ಬಿಟ್ಟರು. ಒಂಟಿತನ ತಾಳದೆ ಅವು ತಮ್ಮವರನ್ನು ಹುಡುಕಿಕೊಂಡು ಹೋಗುತ್ತಿದ್ದವು, ಹಿಂದೆಯೇ ಬಂದೂಕು ಹೋಗುತ್ತಿತ್ತು. ಕೆಲಸ ಆಗಬೇಕಿತ್ತು, ಒಪ್ಪುತ್ತೇನೆ. ಓದುವಾಗ ಹೊಟ್ಟೆ ಚುರುಕ್ ಎನ್ನುವುದೂ ನಿಜ.

ಆಮೆಯ ಮಾತು ಬಂದಾಗ ಫರ್ನಾಂಡಿನಾದ ಒಂದು ಸುದ್ದಿ ಬಿಡುವ ಹಾಗಿಲ್ಲ. ಅಲ್ಲಿ 1906ರಲ್ಲಿ ಒಂದೇ ಒಂದು ಗಂಡು ಆಮೆ ಸಿಕ್ಕಿತ್ತು. ಆಮೇಲೆ ಆ ಜಾತಿಯೇ ಹೋಯಿತು ಎಂದುಕೊಂಡಿದ್ದರು. 2019ರ ಫೆಬ್ರವರಿಯಲ್ಲಿ ಲಾವಾ ಸುತ್ತುವರಿದ ಸಣ್ಣ ಹಸಿರು ತುಂಡಿನಲ್ಲಿ ಒಂದು ಮುದಿ ಹೆಣ್ಣು ಸಿಕ್ಕಿತು. ಡಿಎನ್‌ಎ 1906ರ ಆಮೆಯದಕ್ಕೆ ಹೊಂದಿತು. ಫರ್ನಾಂಡಾ ಎಂದು ಹೆಸರಿಟ್ಟು ಸಾಂತಾ ಕ್ರೂಸ್ ದ್ವೀಪದ ಕೇಂದ್ರದಲ್ಲಿ ಸಾಕುತ್ತಿದ್ದಾರೆ. ಗಂಡಿಗಾಗಿ ಹುಡುಕಾಟ ನಡೆದೇ ಇದೆ.

ಸಂಜೆ ಆರರೊಳಗೆ ಎಲ್ಲರೂ ದಡ ಬಿಟ್ಟಿರಬೇಕು. ಪಂಗಾ ಹಡಗಿಗೆ ವಾಪಸಾಗುವಾಗ ಇಸಬೆಲಾದ ಲಾವಾ ಗೋಡೆಯ ಪಕ್ಕದಲ್ಲೇ ಹೋಗುತ್ತದೆ. ಗೈಡ್ ಕೈ ಎತ್ತಿದರೆ ಎಂಜಿನ್ ಆಫ್ ಮಾಡುತ್ತಾರೆ. ನೀರಿನಿಂದ ಎರಡಡಿ ಮೇಲೆ ಒಂದು ಪೆಂಗ್ವಿನ್ ನಿಂತಿರುತ್ತದೆ. ರೆಕ್ಕೆ ಎರಡನ್ನೂ ಸ್ವಲ್ಪ ಮುಂದಕ್ಕೆ ಹಿಡಿದಿರುತ್ತದೆ, ಯಾರನ್ನೋ ಅಪ್ಪಿಕೊಳ್ಳಲು ಹೊರಟ ಹಾಗೆ. ಬಿಸಿಲಿಗೆ ಪಾದ ಸುಡದಿರಲಿ ಎಂದು ಅದು ತನ್ನ ರೆಕ್ಕೆಯ ನೆರಳನ್ನೇ ಪಾದದ ಮೇಲೆ ಬೀಳಿಸಿಕೊಳ್ಳುತ್ತಿದೆ. ಅದರ ಹಿಂದೆ ಲಾವಾದಲ್ಲಿ ಒಂದು ಬಿರುಕು ಇರುತ್ತದೆ, ಒಳಗೆ ಕತ್ತಲೆ, ತಂಪು. ಮೊಟ್ಟೆ ಇಡುವುದು ಅಂಥ ಬಿರುಕಿನಲ್ಲೇ. ಒಳ್ಳೆಯ ಬಿರುಕುಗಳು ಸಾಲುತ್ತಿಲ್ಲವೆಂದು 2010ರಲ್ಲಿ ಸಂಶೋಧಕರು ಲಾವಾ ಕಲ್ಲುಗಳನ್ನೇ ಜೋಡಿಸಿ 120 ಗೂಡು ಕಟ್ಟಿಕೊಟ್ಟರು. ಕೆಲವಕ್ಕೆ ಪೆಂಗ್ವಿನ್‌ಗಳು ಬಂದು ಸೇರಿಕೊಂಡವು.